ಶೂ ತೊಳೆಸಿ ಕಾಡಿಗೆ ಬಿಟ್ಟರು: ನ್ಯೂಜಿಲೆಂಡ್ ಕ್ರೂಸ್‌ನಲ್ಲಿ ಪುಕೇಟಿ ಕಾಡಿನ ಅರ್ಧ ದಿನದ ಟೂರ್

ಕೊಟ್ಟ ದುಡ್ಡು ಜಾಸ್ತಿ, ಕಾಡಿನೊಳಗೆ ಸಿಕ್ಕ ಸಮಯ ಕಮ್ಮಿ. ಈ ಟೂರಿನ ಮೇಲೆ ನನ್ನ ದೊಡ್ಡ ದೂರು ಇದೇ. ಆದರೂ ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರು ಯಾರಾದರೂ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ನ್ಯೂಜಿಲೆಂಡ್ ಕ್ರೂಸ್‌ಗೆ ಹೊರಟಿದ್ದರೆ, ಬೇರೆ ಟೂರ್ ಬಿಟ್ಟು ಇದನ್ನೇ ಹಿಡಿಯಿರಿ ಅನ್ನುತ್ತೇನೆ. ಅಡಿಕೆ ತೋಟ ಇದ್ದವರಿಗಂತೂ ಇದು ಬರೀ ಟೂರ್ ಅಲ್ಲ.

ನಾವು ಹೋಗಿದ್ದು ಫೆಬ್ರವರಿ ಕೊನೆಗೆ. ಸಿಡ್ನಿಯಿಂದ ಹೊರಟು ನ್ಯೂಜಿಲೆಂಡಿನ ಒಂದಷ್ಟು ಬಂದರು ಮುಟ್ಟಿ ವಾಪಸ್ ಬರುವ ಹಡಗು. ಮಗನ ಸ್ಕೂಲು ಅಂತ ನಮ್ಮ ಮನೆಯವರು ಸಿಡ್ನಿಯಲ್ಲೇ ಉಳಿದರು. ನಾನು, ಅಪ್ಪಯ್ಯ, ಆಯಿ ಮೂವರೇ. ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಹಡಗು ಒಂದು ದಿನ ನಿಲ್ಲುತ್ತದೆ. ಅಲ್ಲಿಗೆ ಹಡಗಿನವರ ಪಟ್ಟಿಯಲ್ಲಿ ಡಾಲ್ಫಿನ್ ನೋಡುವುದು, ಬಂಡೆಯ ತೂತಿನೊಳಗೆ ದೋಣಿಯಲ್ಲಿ ಹೋಗುವುದು, ವೈನ್ ರುಚಿ ನೋಡುವುದು, ಮಿಣುಕುಹುಳದ ಗುಹೆ, ಹೀಗೆ ಏನೇನೋ ಇತ್ತು. "ಹಡಗಿಂದ ಇಳಿದು ಮತ್ತೆ ದೋಣಿ ಹತ್ತೋದು ಎಂತಕ್ಕೆ" ಅಂದರು ಆಯಿ. ಅಲ್ಲಿಗೆ ಅರ್ಧ ಪಟ್ಟಿ ಖಾಲಿ. ವೈನ್ ನಮಗೆ ಬೇಡ. ಗುಹೆಯೊಳಗೆ ಬಗ್ಗಿ ನಡೆಯಲು ಅಪ್ಪಯ್ಯನ ಮೊಣಕಾಲು ಕೇಳಲ್ಲ. ಕೊನೆಗೆ ಉಳಿದಿದ್ದು ಪುಕೇಟಿ ಅನ್ನುವ ಕಾಯ್ದಿಟ್ಟ ಕಾಡಿನ ನಡಿಗೆ, ಜೊತೆಗೆ ಕೆರಿಕೆರಿ ಊರು ಮತ್ತು ಒಂದು ಜಲಪಾತ. ತಲೆಗೆ 180 ಆಸ್ಟ್ರೇಲಿಯನ್ ಡಾಲರ್ ಹತ್ತಿರ ಬಿತ್ತು. ಅಪ್ಪಯ್ಯನಿಗೆ ನಿಜವಾದ ರೇಟು ಹೇಳಲಿಲ್ಲ. ರೂಪಾಯಿಗೆ ಲೆಕ್ಕ ಹಾಕಿದ್ದರೆ ಹಡಗಿನಿಂದ ಇಳಿಯುತ್ತಲೇ ಇರಲಿಲ್ಲ.

ವೀಸಾ ವಿಷಯ ತುಂಬಾ ಜನ ಕೇಳುತ್ತಾರೆ, ಹಾಗಾಗಿ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರು ವಿಮಾನದಲ್ಲಿ ನ್ಯೂಜಿಲೆಂಡಿಗೆ ಹೋಗಲು ವೀಸಾ ಬೇಕು. ಕ್ರೂಸ್ ಹಡಗಿನಲ್ಲೇ ಬಂದು ಅದರಲ್ಲೇ ಹೊರಡುವವರಿಗೆ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುವ ಇಟಿಎ ಅನ್ನುವ ಪ್ರಯಾಣ ಅನುಮತಿ ಸಾಕಾಯಿತು. ಅದಕ್ಕಿಂತ ಮುಖ್ಯವಾದದ್ದು ಆಸ್ಟ್ರೇಲಿಯಾ ವೀಸಾ. ಅದು ಮಲ್ಟಿಪಲ್ ಎಂಟ್ರಿ ಆಗಿರಬೇಕು. ಇಲ್ಲದಿದ್ದರೆ ಸಿಡ್ನಿಗೆ ವಾಪಸ್ ಬರುವಾಗ ಪಜೀತಿ. ನಿಯಮ ಬದಲಾಗುತ್ತಾ ಇರುತ್ತದೆ. ಬುಕ್ ಮಾಡುವ ಮೊದಲು ಇಮಿಗ್ರೇಶನ್ ಸೈಟಿನಲ್ಲಿ ನೋಡಿಕೊಳ್ಳಿ.

ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಕೊಲ್ಲಿಯಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ವೈಟಾಂಗಿ ಜೆಟ್ಟಿಗೆ ಬಿಡುತ್ತಾರೆ. ಆಯಿ ದೋಣಿ ಬೇಡ ಅಂದಿದ್ದು ವ್ಯರ್ಥವಾಯಿತು ಅನ್ನಿ. ಟೂರ್ ಟಿಕೆಟ್ ಇದ್ದವರನ್ನು ಥಿಯೇಟರಿನಲ್ಲಿ ಕೂರಿಸಿ, ಎದೆಗೆ ಸ್ಟಿಕರ್ ಅಂಟಿಸಿ, ಗುಂಪು ಗುಂಪಾಗಿ ಇಳಿಸಿದರು. ಇದು ಚೆನ್ನಾಗಿತ್ತು. ಸ್ವಂತವಾಗಿ ಇಳಿಯುವವರು ನಮಗಿಂತ ಜಾಸ್ತಿ ಹೊತ್ತು ಕ್ಯೂ ನಿಂತಿದ್ದರು. ದೋಣಿ ಸ್ವಲ್ಪ ಕುಲುಕುತ್ತದೆ, ಹತ್ತಿಳಿಯುವಾಗ ಸಿಬ್ಬಂದಿ ಎರಡೂ ಕಡೆ ರಟ್ಟೆ ಹಿಡಿದುಕೊಳ್ಳುತ್ತಾರೆ. ವಯಸ್ಸಾದವರಿಗೆ ಹೆದರಿಕೆ ಇಲ್ಲ.

ಹಡಗಿನಿಂದ ತಿನ್ನುವ ಸಾಮಾನು ಏನೂ ಒಯ್ಯುವ ಹಾಗಿಲ್ಲ ಅಂತ ಹಿಂದಿನ ದಿನದಿಂದ ಹೇಳುತ್ತಲೇ ಇದ್ದರು. ಹಣ್ಣು, ಬೀಜ, ಎಲೆ ಯಾವುದನ್ನೂ ಹೇಳದೆ ಒಯ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ನಮ್ಮ ಮುಂದಿದ್ದ ಒಬ್ಬ ಅಜ್ಜ ತಿಂಡಿ ಹೊತ್ತಿಗೆ ಜೇಬಿಗೆ ಸೇರಿಸಿದ್ದ ಸೇಬುಹಣ್ಣನ್ನು ಕೊನೇ ಗಳಿಗೆಯಲ್ಲಿ ಬುಟ್ಟಿಗೆ ಹಾಕಿದರು. ಅಪ್ಪಯ್ಯ ನನ್ನ ಮುಖ ನೋಡಿ ಸುಮ್ಮನೆ ತಮ್ಮ ಜೇಬು ಮುಟ್ಟಿಕೊಂಡರು. ಕವಳದ (ಎಲೆ ಅಡಿಕೆಯ) ಸಂಚಿ ಊರಲ್ಲೇ ಬಿಟ್ಟು ಬಂದಿದ್ದು ಎಷ್ಟು ಒಳ್ಳೆಯದಾಯಿತು ಅಂತ ಅವರಿಗೂ ಅನ್ನಿಸಿರಬೇಕು.

ಬಸ್ಸು ಸಣ್ಣದು, ಇಪ್ಪತ್ತು ಚಿಲ್ಲರೆ ಸೀಟು. ಗೈಡ್ ಮತ್ತು ಡ್ರೈವರ್ ಎರಡೂ ಒಬ್ಬರೇ, ಆ ಭಾಗದ ಙಾಪುಹಿ ಬುಡಕಟ್ಟಿನ ಮಾವೋರಿ, ಅಂದರೆ ಅಲ್ಲಿನ ಮೂಲನಿವಾಸಿ ಹೆಂಗಸು. ವಯಸ್ಸು ಐವತ್ತರ ಆಸುಪಾಸು. ಗಂಟಲು ದೊಡ್ಡದು, ಮಾತಿನಲ್ಲಿ ತಮಾಷೆ. ಈ ಟೂರಿಗೆ ಕೊಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲು ಅವರಿಗೇ ಹೋಗಬೇಕು ಅಂತ ನನ್ನ ಲೆಕ್ಕ. ಹೋಗುವುದಿಲ್ಲ ಅಂತ ಗೊತ್ತು. ದಾರಿಯಲ್ಲಿ ಕೆರಿಕೆರಿಯ ಕಿವಿಹಣ್ಣಿನ ತೋಟಗಳು. ಗಾಳಿ ತಡೆಯಲು ಸುತ್ತ ಎರಡಾಳು ಮೂರಾಳು ಎತ್ತರದ ಮರಬೇಲಿ ಬೆಳೆಸಿ, ಮೆಷಿನ್ ಹಾಕಿ ಗೋಡೆಯ ಹಾಗೆ ಕತ್ತರಿಸಿದ್ದಾರೆ. ಅಪ್ಪಯ್ಯ ಅಲ್ಲಿಂದಲೇ ಎಚ್ಚರಾದರು. ಕೊನೆಯಲ್ಲಿ ಸ್ವಲ್ಪ ದೂರ ಜಲ್ಲಿ ರಸ್ತೆ. ರಸ್ತೆ ಪಕ್ಕ ಅಲ್ಲಲ್ಲಿ ಮರದ ಪೆಟ್ಟಿಗೆ ಕಂಡವು. ಇಲಿ ಮತ್ತು ಸ್ಟೋಟ್ ಅನ್ನುವ ಮುಂಗುಸಿಯಂಥ ಪ್ರಾಣಿ ಹಿಡಿಯುವ ಬೋನುಗಳಂತೆ.

ಆ ದೇಶದಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಮೊಲೆಯೂಡಿಸುವ ಮೂಲ ಪ್ರಾಣಿಯೇ ಇರಲಿಲ್ಲ. ಹಾವೂ ಇಲ್ಲ. ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟಿಕೊಂಡು ಹಾಯಾಗಿದ್ದವು. ಆಮೇಲೆ ಹಡಗುಗಳಲ್ಲಿ ಇಲಿ ಬಂತು, ಬೆಕ್ಕು ಬಂತು. 1837ರಲ್ಲಿ ಆಸ್ಟ್ರೇಲಿಯಾದಿಂದ ತುಪ್ಪಳದ ವ್ಯಾಪಾರಕ್ಕೆ ಅಂತ ಪೊಸಮ್ ಅನ್ನುವ ಮರ ಹತ್ತುವ ಪ್ರಾಣಿ ತಂದು ಬಿಟ್ಟರು. ಅದು ಮರದ ಚಿಗುರು, ಹಕ್ಕಿಯ ಮೊಟ್ಟೆ ಎರಡನ್ನೂ ತಿನ್ನುತ್ತದೆ. ಸಿಡ್ನಿಯಲ್ಲಿ ನಮ್ಮ ಮನೆ ಮಾಡಿನ ಮೇಲೆ ರಾತ್ರಿ ಓಡುವ ಪೊಸಮ್‌ಗೆ ಕೈ ಹಚ್ಚಿದರೆ ಅಪರಾಧ. ಇಲ್ಲಿ ಅದನ್ನು ಹಿಡಿದು ಕೊಂದರೆ ಪುಣ್ಯದ ಕೆಲಸ. ಗೈಡ್ ಇದನ್ನು ಹೇಳುವಾಗ ಬಸ್ಸಿನಲ್ಲಿದ್ದ ಆಸ್ಟ್ರೇಲಿಯದವರ ಕಡೆ ಬೇಕಂತಲೇ ತಿರುಗಿ ನೋಡಿದರು.

ಬಸ್ಸು ನಿಂತಿದ್ದು ಮಾಂಗಿನಾಂಗಿನಾ ಅನ್ನುವ ಜಾಗದಲ್ಲಿ. ಕಾಡಿನ ಬಾಯಿಗೆ ಒಂದು ಶೂ ತೊಳೆಯುವ ನಿಲ್ದಾಣ. ಹಡಗಿನವರ ಬ್ರೋಷರಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಪ್ರಕಾರ ಇಡೀ ಟೂರಿನಲ್ಲಿ ನೋಡಲೇಬೇಕಾದದ್ದು ಇದು.

ಕಬ್ಬಿಣದ ಕಟಕಟೆ ಹಿಡಿದುಕೊಂಡು ನಿಲ್ಲಬೇಕು. ಕೆಳಗೆ ಗಟ್ಟಿ ಬಿರುಗೂದಲಿನ ಬ್ರಷ್‌ಗಳು. ಶೂ ಅಡಿ, ಅಂಚು, ಹಿಮ್ಮಡಿ ಎಲ್ಲ ತಿಕ್ಕಬೇಕು. ಮಣ್ಣು ಪೂರ್ತಿ ಹೋದ ಮೇಲೆ ಮುಂದಿನ ತಟ್ಟೆ ಮೇಲೆ ಕಾಲಿಟ್ಟು ಒತ್ತಿದರೆ ಅಡಿಗೆ ಔಷಧಿ ಚಿಮ್ಮುತ್ತದೆ. ಮೊದಲು ತಿಕ್ಕುವುದು, ಆಮೇಲೆ ಔಷಧಿ. ಮಣ್ಣಿದ್ದರೆ ಔಷಧಿ ಕೆಲಸ ಮಾಡಲ್ಲ. ಗೈಡ್ ಒಬ್ಬೊಬ್ಬರ ಶೂ ಎತ್ತಿಸಿ ನೋಡಿದರು. ಅಪ್ಪಯ್ಯನ ಶೂ ಅಡಿಯ ಗೀರಿನಲ್ಲಿ ಎಲ್ಲಿಯದೋ ಒಂದು ಚೂರು ಕೆಸರು ಗಟ್ಟಿಯಾಗಿ ಕೂತಿತ್ತು. ಸಾಸಿವೆ ಕಾಳಿನಷ್ಟು. ಆ ಹೆಂಗಸು ಜೇಬಿನಿಂದ ಒಂದು ಕಡ್ಡಿ ತೆಗೆದು, ಬಗ್ಗಿ ಕೂತು, ಅದನ್ನು ಕೆದಕಿ ತೆಗೆದರು. ಅಪ್ಪಯ್ಯ "ಛೆ ಛೆ, ನಾನೇ ತೆಗೀತೆ" ಅಂತ ಕನ್ನಡದಲ್ಲೇ ಗಾಬರಿಯಾದರು. ಅವರಿಗೆ ಭಾಷೆ ಬರದಿದ್ದರೂ ಮಾತು ಗೊತ್ತಾಯಿತು. ಬೆನ್ನು ತಟ್ಟಿ ನಕ್ಕು ಇನ್ನೊಂದು ಕಾಲು ಎತ್ತಿಸಿದರು.

ಇದೆಲ್ಲ ಯಾಕೆ ಅಂದರೆ ಕೌರಿ ಮರಕ್ಕೆ ಬಂದ ರೋಗ. ಕೌರಿ ಅಂದರೆ ನ್ಯೂಜಿಲೆಂಡಿನ ಉತ್ತರ ಭಾಗದಲ್ಲಿ ಮಾತ್ರ ತಾನಾಗಿ ಬೆಳೆಯುವ ದೈತ್ಯ ಮರ. ಅದರ ಬೇರಿಗೆ ಹತ್ತುವ ರೋಗಾಣು ಫೈಟಾಫ್ತೊರಾ ಜಾತಿಯದು. ಈ ಹೆಸರು ಕೇಳಿದ ಕೂಡಲೇ ಅಪ್ಪಯ್ಯ ನನ್ನ ಕೈ ಹಿಡಿದು "ಎಂತು ಹೇಳಿದ್ರು? ಮತ್ತೊಂದ್ಸಲ ಕೇಳು" ಅಂದರು. ಅಡಿಕೆ ಬೆಳೆಯುವವರಿಗೆ ಗೊತ್ತಿರುತ್ತದೆ. ನಮ್ಮ ಕೊಳೆರೋಗ ಇದೇ ಫೈಟಾಫ್ತೊರಾ ಬಳಗದ್ದು. ಮೆಣಸಿನ ಬಳ್ಳಿಗೆ ಬರುವ ಸೊರಗು ರೋಗವೂ ಅದೇ ಬಳಗ. ಕೌರಿಯದ್ದು ಬೇರೆ ಪ್ರಭೇದ, ಅದಕ್ಕೆ 2015ರಲ್ಲಿ ಕೌರಿಯನ್ನು ಕೊಲ್ಲುವುದು ಅನ್ನುವ ಅರ್ಥದಲ್ಲಿ ಅಗಾಥಿಡಿಸಿಡಾ ಅಂತ ಹೆಸರಿಟ್ಟರು. ಆದರೆ ಸ್ವಭಾವ ಎಲ್ಲದರದ್ದೂ ಒಂದೇ. ತೇವ ಬೇಕು, ಒದ್ದೆ ಮಣ್ಣು ಬೇಕು. ನೀರಿನಲ್ಲಿ ಈಜುವ ಬೀಜಕಣ ಬಿಟ್ಟು ಹರಡುತ್ತದೆ. ಕೌರಿಯಲ್ಲಿ ಬೇರು ಕೊಳೆಯುತ್ತದೆ, ಬುಡದಲ್ಲಿ ಅಂಟು ಸೋರುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ, ಮರ ನಿಂತಲ್ಲೇ ಒಣಗುತ್ತದೆ. ಸಣ್ಣ ಗಿಡ, ಸಾವಿರ ವರ್ಷದ ಮರ ಅಂತ ಭೇದ ಇಲ್ಲ. ಪೂರ್ತಿ ವಾಸಿಮಾಡುವ ಔಷಧಿ ಇಲ್ಲ. ಕಾಂಡಕ್ಕೆ ಫಾಸ್ಫೈಟ್ ಚುಚ್ಚಿ ರೋಗವನ್ನು ತಡೆಯಲು ನೋಡುತ್ತಿದ್ದಾರೆ. ನಮ್ಮಲ್ಲಿ ಮೆಣಸಿಗೆ ಕೊಡುವ ಪೊಟ್ಯಾಶಿಯಂ ಫಾಸ್ಫೊನೇಟ್ ಇದೆಯಲ್ಲ, ಅದೇ ಬಗೆಯದ್ದು.

ಈ ರೋಗ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವುದು ಮುಖ್ಯವಾಗಿ ಮಣ್ಣಿನ ಜೊತೆ. ಮನುಷ್ಯರ ಶೂ, ಕಾಡುಹಂದಿಯ ಕಾಲು. ಒಂದು ಚಿಟಿಕೆಗಿಂತ ಕಮ್ಮಿ ಮಣ್ಣು ಸಾಕು. ಅದಕ್ಕೇ ಆ ಸಾಸಿವೆ ಕಾಳಿನಷ್ಟು ಕೆಸರಿಗೆ ಅಷ್ಟು ಮರ್ಯಾದೆ. 2022ರಲ್ಲಿ ಇದಕ್ಕೆ ಅಂತಲೇ ರಾಷ್ಟ್ರಮಟ್ಟದ ಯೋಜನೆ ಮಾಡಿ, ಕೌರಿ ಕಾಡಿಗೆ ಹೋಗುವವರು ಪಾಲಿಸಬೇಕಾದದ್ದನ್ನೆಲ್ಲ ಕಾನೂನಾಗಿ ತಂದರು. ಎಷ್ಟೋ ಕಾಲುದಾರಿಗಳನ್ನು ಮುಚ್ಚಿಬಿಟ್ಟಿದ್ದಾರೆ.

ಅಪ್ಪಯ್ಯನದ್ದು ಬೇರೆಯೇ ಯೋಚನೆ. "ನಾವು ಮಳೆಗಾಲದಲ್ಲಿ ಬೋರ್ಡೋ ಹೊಡೆಸ್ತು, ಕೊಟ್ಟೆ ಕಟ್ಟಿಸ್ತು. ಪಕ್ಕದ ತೋಟದ ಮಣ್ಣು ತುಳ್ಕಂಡು ಬಂದವನ ಕಾಲು ತೊಳೆಸಿದ್ದು ಯಾವಾಗ?" ಅಂದರು. ಬೋರ್ಡೋ ಅಂದರೆ ಕೊಳೆಗೆ ಹೊಡೆಯುವ ಔಷಧಿ, ಕೊಟ್ಟೆ ಅಂದರೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕಟ್ಟುವ ಹೊದಿಕೆ. ಕೊಳೆ ಮೇಲಿಂದ, ಅಡಿಕೆ ಗೊನೆಗೆ ಹತ್ತುತ್ತದೆ. ಕೌರಿಯದ್ದು ಕೆಳಗಿಂದ. ಅದು ಬೇರೆ, ಇದು ಬೇರೆ ಅಂತ ನಾನು ಹೇಳಲು ಹೋದೆ. "ಮೆಣಸಿಂದು?" ಅಂದರು. ಮೆಣಸಿಂದು ಕೆಳಗಿಂದಲೇ. ಅಲ್ಲಿಗೆ ನನ್ನ ಬಾಯಿ ಬಂದ್.

ಒಳಗೆ ಹೋಗುವ ಮೊದಲು ಗೈಡ್ ಎಲ್ಲರನ್ನೂ ನಿಲ್ಲಿಸಿ ಒಂದು ಪ್ರಾರ್ಥನೆ ಹೇಳಿದರು. ಟಾನೆ ಅಂದರೆ ಅವರಲ್ಲಿ ಕಾಡಿನ ದೇವರು. ಆಕಾಶ ಅಪ್ಪ, ಭೂಮಿ ತಾಯಿ. ಇಬ್ಬರೂ ಅಪ್ಪಿಕೊಂಡೇ ಇದ್ದುದರಿಂದ ಮಕ್ಕಳಿಗೆ ಬೆಳಕೇ ಇರಲಿಲ್ಲ. ಟಾನೆ ಬೆನ್ನು ನೆಲಕ್ಕೆ ಕೊಟ್ಟು, ಕಾಲಿನಿಂದ ಆಕಾಶವನ್ನು ಮೇಲೆ ಒದ್ದು ಜಾಗ ಮಾಡಿದನಂತೆ. ಅಪ್ಪಯ್ಯ ತಲೆ ಮೇಲಿನ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದರು, ಯಾರೂ ಹೇಳಲಿಲ್ಲ. ನಮ್ಮ ಊರಿನ ಚೌಡಿ ಬನಕ್ಕೆ ಹೋದರೂ ಹೀಗೆಯೇ ಮಾಡುತ್ತಾರೆ. ಕೆಲವು ಪ್ರವಾಸಿಗಳು ಆ ಹೊತ್ತಿಗೆ ವಿಡಿಯೋ ಮಾಡಿದ್ದು ನನಗೆ ಸರಿ ಕಾಣಲಿಲ್ಲ.

ಆಮೇಲೆ ಹಲಗೆ ದಾರಿ. ನೆಲದಿಂದ ಸ್ವಲ್ಪ ಎತ್ತರಕ್ಕೆ ಮರದ ಹಲಗೆ ಹೊಡೆದು, ಮೇಲೆ ಜಾರದಂತೆ ಬಲೆ ಹಾಸಿದ್ದಾರೆ. ಮೆಟ್ಟಿಲು ಕಮ್ಮಿ, ಅಪ್ಪಯ್ಯನ ಮೊಣಕಾಲಿಗೆ ಏನೂ ತೊಂದರೆ ಆಗಲಿಲ್ಲ. ಕೌರಿಯ ಉಣ್ಣುವ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ. ಜನ ತುಳಿದರೆ ರೋಗ ಇಲ್ಲದಿದ್ದರೂ ಮರಕ್ಕೆ ಕಷ್ಟ. ಅದಕ್ಕೆ ಈ ಹಲಗೆ.

ಮರದ ಬಗ್ಗೆ ಏನು ಹೇಳಲಿ. ಕೌರಿ ಬೆಳೆಯುತ್ತಾ ಕೆಳಗಿನ ಕೊಂಬೆಗಳನ್ನು ತಾನೇ ಉದುರಿಸಿಕೊಳ್ಳುತ್ತದೆ. ಹಾಗಾಗಿ ಬುಡದಿಂದ ಬಹಳ ಎತ್ತರದವರೆಗೆ ಒಂದು ಗಂಟಿಲ್ಲ, ಕೊಂಬೆಯಿಲ್ಲ, ದಪ್ಪವೂ ಅಷ್ಟಾಗಿ ಕಮ್ಮಿಯಾಗುವುದಿಲ್ಲ. ನೆಟ್ಟಗೆ ಹೋಗಿ ಮೇಲೆ ಒಮ್ಮೆಲೇ ಕೊಂಬೆ ಚೆಲ್ಲುತ್ತದೆ. ತೊಗಟೆ ಬೂದಿ ಬಣ್ಣ. ಹತ್ತಿರ ಹೋಗಿ ನೋಡಿದರೆ ತಾಮ್ರದ ಹಂಡೆಗೆ ಬಡಿದ ಸುತ್ತಿಗೆ ಗುರುತಿನ ಹಾಗೆ ಮೈತುಂಬ ಸಣ್ಣ ಸಣ್ಣ ಕುಳಿ. ಆ ತೊಗಟೆ ಬಿಲ್ಲೆ ಬಿಲ್ಲೆಯಾಗಿ ಕಳಚಿ ಬೀಳುತ್ತಾ ಇರುತ್ತದೆ. ಬಳ್ಳಿಗಳು ಹಿಡಿದು ಹತ್ತಲು ನೋಡಿದರೆ ಹಿಡಿದ ತೊಗಟೆ ಸಮೇತ ಕೆಳಗೆ. ಬುಡದಲ್ಲಿ ಆ ಬಿಲ್ಲೆಗಳ ದಿಬ್ಬವೇ ಇತ್ತು. ಮೆಣಸಿನ ಬಳ್ಳಿ ಹಬ್ಬಿಸಲು ಇದು ಆಗಿಬರುವ ಮರ ಅಲ್ಲ ಅಂತ ಆಯಿ ತೀರ್ಪು ಕೊಟ್ಟರು. ಇದು ಸೂಚಿಪರ್ಣಿ ಬಳಗದ ಮರ. ಲಾಲ್‌ಬಾಗಿನಲ್ಲಿ ನೆಟ್ಟಗೆ ಗೋಪುರದ ಹಾಗೆ ನಿಂತ ಅರಕೇರಿಯಾ ಮರಗಳನ್ನು ನೋಡಿದ್ದೀರಲ್ಲ, ಅದರ ದಾಯಾದಿ.

ಇಷ್ಟು ನೆಟ್ಟಗಿದ್ದದ್ದೇ ಮರಕ್ಕೆ ಮುಳುವಾಯಿತು. ಹತ್ತೊಂಬತ್ತನೇ ಶತಮಾನದ ಶುರುವಿನಿಂದಲೇ ಬ್ರಿಟಿಷ್ ನೌಕಾಪಡೆ ಹಡಗಿನ ಕಂಬಕ್ಕೆ ಅಂತ ಕಡಿದು ಒಯ್ದಿತು. ಆಮೇಲೆ ಮನೆಗೆ, ಪೀಠೋಪಕರಣಕ್ಕೆ, ಕೊನೆಗೆ ಹೊಲ ಮಾಡಲು ಸುಟ್ಟದ್ದೂ ಉಂಟು. ಮೊದಲು ಸುಮಾರು 12 ಲಕ್ಷ ಹೆಕ್ಟೇರ್ ಇದ್ದ ಕೌರಿ ಕಾಡಿನಲ್ಲಿ ಕೊಡಲಿ ಬೀಳದ ಹಳೇ ಕಾಡು ಈಗ ನೂರಕ್ಕೆ ಒಂದು ಪಾಲೂ ಉಳಿದಿಲ್ಲ. ಪಶ್ಚಿಮದ ವೈಪೋವಾ ಕಾಡನ್ನು ಉಳಿಸಿ ಅಂತ ಸಾವಿರಾರು ಜನ ಸಹಿ ಹಾಕಿ ಸಂಸತ್ತಿಗೆ ಕೊಟ್ಟ ಮೇಲೆ 1952ರಲ್ಲಿ ಅದು ಅಭಯಾರಣ್ಯವಾಯಿತು. ಇದನ್ನು ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳಿದೆ. 1983ರಲ್ಲಿ ನಮ್ಮ ಸಲ್ಕಣಿ ಕಡೆ ಊರವರು ಮರ ಅಪ್ಪಿಕೊಂಡು ನಿಂತು ಅಪ್ಪಿಕೋ ಚಳವಳಿ ಶುರುಮಾಡಿದ ಕಾಲದಲ್ಲಿ ಅಪ್ಪಯ್ಯನಿಗೆ ಮೀಸೆ ಕಪ್ಪಗಿತ್ತು. ನಾನು ಅದನ್ನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅಪ್ಪಯ್ಯನನ್ನು ಹಲಗೆ ದಾರಿಗೆ ತಾಗಿಕೊಂಡೇ ಇದ್ದ ಒಂದು ಮರದ ಹತ್ತಿರ ಕರೆದು, ಅಲ್ಲಿಂದಲೇ ಮುಟ್ಟಬಹುದು ಅಂತ ತೋರಿಸಿದರು. ಅಪ್ಪಯ್ಯ ಮುಟ್ಟಿ, ತೊಗಟೆ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಒಳ್ಳೆ ಕಟ್ಟುಮಸ್ತು" ಅಂದರು.

ಇನ್ನು ನೀಕೌ ಅನ್ನುವ ತಾಳೆ ಮರ. ಇದಕ್ಕೇ ನಾನು ಈ ಟೂರ್ ಬುಕ್ ಮಾಡಿ ಅನ್ನುವುದು. ಹಲಗೆ ದಾರಿ ತಿರುಗುವಲ್ಲಿ ಒದ್ದೆ ಜಾಗದಲ್ಲಿ ಒಂದು ಗುಂಪು ತಾಳೆ ಜಾತಿಯ ಮರ. ಆಯಿ ನಿಂತುಬಿಟ್ಟರು. "ಅಡಿಕೆ ಮರ!" ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಅಡಿಕೆಗಿಂತ ದಪ್ಪ, ಗಿಡ್ಡ. ಸೋಗೆ ಜೋತು ಬೀಳುವುದಿಲ್ಲ, ಮೇಲಕ್ಕೆ ನಿಮಿರಿರುತ್ತದೆ. ಆದರೆ ಸೋಗೆ ಕೆಳಗೆ ಹಸಿರು ಹಾಳೆ ಕಾಂಡವನ್ನು ಸುತ್ತಿಕೊಂಡ ರೀತಿ, ಆ ಹಾಳೆಯ ಬುಡದಿಂದಲೇ ಸಿಂಗಾರ ಒಡೆಯುವ ರೀತಿ, ಹಳೇ ಹಾಳೆ ಕಳಚಿದ ಕಡೆ ಕಾಂಡದ ಮೇಲೆ ಉಳಿಯುವ ಬಳೆ, ಎಲ್ಲ ಅಡಿಕೆಯದ್ದೇ. ಗೈಡ್‌ಗೆ ಫೋನಿನಲ್ಲಿ ನಮ್ಮ ತೋಟದ ಫೋಟೋ ತೋರಿಸಿದೆ. ಪ್ರಪಂಚದ ತಾಳೆ ಜಾತಿಗಳಲ್ಲಿ ಎಲ್ಲಕ್ಕಿಂತ ದಕ್ಷಿಣದವರೆಗೆ ತಾನಾಗಿ ಬೆಳೆಯುವುದು ಇದೇ, ಅದು ನಿಮ್ಮ ಮರದ ನೆಂಟ ಅಂತ ಅವರಿಗೇ ಖುಷಿ.

ಮಾವೋರಿಗಳು ನೀಕೌ ಸೋಗೆಯಿಂದ ಮನೆ ಹೊದಿಸುತ್ತಿದ್ದರು, ಅಡುಗೆಗೆ ಎಲೆಯಲ್ಲಿ ಪದಾರ್ಥ ಸುತ್ತುತ್ತಿದ್ದರು, ಹಾಳೆಯನ್ನು ಪಾತ್ರೆಯಾಗಿ ಬಳಸುತ್ತಿದ್ದರು. ಕೆಳಗೆ ಬಿದ್ದಿದ್ದ ಒಂದು ಒಣ ಹಾಳೆಯನ್ನು ಗೈಡ್ ಎತ್ತಿ ಕೊಟ್ಟರು. ಆಯಿ ಅದರ ಎರಡು ತುದಿ ಮಡಿಸಿ, ಮೂಲೆ ಸೇರಿಸಿ ಹಿಡಿದು, ಊರಲ್ಲಿ ಮಾಡುವ ಹಾಗೇ ಒಂದು ಪಡಿಗೆ ಮಾಡಿ ತೋರಿಸಿದರು. ಕಡ್ಡಿ ಚುಚ್ಚಲು ಕೇಳಿದರು. ಗೈಡ್ ಶೂ ಕೆದಕಿದ್ದ ಅದೇ ಕಡ್ಡಿ ತೆಗೆಯಲು ಹೋದಾಗ "ಅದು ಬೇಡ" ಅಂದದ್ದು ನಾನು! ಇಬ್ಬರು ಹೆಂಗಸರೂ ಹಾಳೆ ಹಿಡಿದುಕೊಂಡು ಒಂದೇ ಒಂದು ಶಬ್ದದ ಭಾಷೆ ಇಲ್ಲದೆ ಐದು ನಿಮಿಷ ಮಾತಾಡಿದರು. ಹಾಳೆಯನ್ನು ವಾಪಸ್ ಅಲ್ಲೇ ಬಿಟ್ಟು ಬರಬೇಕು. ಕಾಡಿನಿಂದ ಏನೂ ಒಯ್ಯುವಂತಿಲ್ಲ.

ಹಕ್ಕಿ ಜಾಸ್ತಿ ಕಾಣಲಿಲ್ಲ. ಹನ್ನೊಂದು ಗಂಟೆ ಬಿಸಿಲಿಗೆ ಯಾವ ಕಾಡಿನಲ್ಲಿ ಕಾಣುತ್ತದೆ? ಬಾಲ ಬೀಸಣಿಗೆ ಮಾಡುತ್ತಾ ಒಂದು ಫ್ಯಾನ್‌ಟೇಲ್ ನಮ್ಮ ಹಿಂದೆಯೇ ಬಂತು. ನಾವು ನಡೆದಾಗ ಏಳುವ ಹುಳ ಹಿಡಿಯಲು ಅದು ಮನುಷ್ಯರ ಬೆನ್ನು ಹತ್ತುತ್ತದೆ. ಕೆರೆರೂ ಅನ್ನುವ ದೊಡ್ಡ ಕಾಡು ಪಾರಿವಾಳ ತಲೆ ಮೇಲೆ ಹಾದುಹೋಯಿತು, ರೆಕ್ಕೆ ಸದ್ದು ಬಹಳ ಜೋರು. ಇಲ್ಲಿನ ದೊಡ್ಡ ಬೀಜದ ಹಣ್ಣುಗಳನ್ನು ನುಂಗಿ ಬೀಜ ಹರಡಲು ಈಗ ಉಳಿದಿರುವುದು ಹೆಚ್ಚುಕಮ್ಮಿ ಅದೊಂದೇ. ನಮ್ಮಲ್ಲಿ ಮಂಗಟ್ಟೆ ಮಾಡುವ ಕೆಲಸ.

ಇಷ್ಟು ಹೊತ್ತಿಗೆ ಗೈಡ್ ಗಡಿಯಾರ ನೋಡಿದರು. ಕಾಡಿನಲ್ಲಿ ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆಯೂ ಇಲ್ಲ. ಅರ್ಧ ದಿನದ ಟೂರಿನಲ್ಲಿ ಉಳಿದದ್ದೆಲ್ಲ ಬಸ್ಸು, ಕ್ಯೂ ಮತ್ತು ಅಂಗಡಿ. ಗೈಡ್ ತಪ್ಪಲ್ಲ, ವೇಳಾಪಟ್ಟಿ ಹಡಗಿನವರದು. ಇನ್ನೊಂದು ಕಿರಿಕಿರಿ ಎಂದರೆ ಬುಕ್ ಮಾಡುವ ಪರದೆಯಲ್ಲಿ ಹಾಕಿದ್ದ ಫೋಟೋ. ಅದು ಟಾನೆ ಮಹುಟಾ. ಈಗ ಬದುಕಿರುವ ಕೌರಿಗಳಲ್ಲೇ ದೊಡ್ಡದು, 51 ಮೀಟರ್ ಎತ್ತರ, ಸುತ್ತಳತೆ 13 ಮೀಟರ್ ಮೇಲೆ. ಅದು ಇರುವುದು ವೈಪೋವಾದಲ್ಲಿ, ಈ ಟೂರ್ ಹೋಗುವ ಕಡೆಯೇ ಅಲ್ಲ. ನಮ್ಮ ಬಸ್ಸಿನಲ್ಲಿದ್ದ ಒಬ್ಬರು ಕೊನೆವರೆಗೂ "ಆ ದೊಡ್ಡ ಮರ ಎಲ್ಲಿ" ಅಂತ ಕೇಳುತ್ತಲೇ ಇದ್ದರು. ಗೈಡ್‌ಗೆ ಈ ಪ್ರಶ್ನೆ ದಿನಾ ಬರುತ್ತದೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹಡಗಿನ ಟೂರ್ ಡೆಸ್ಕಿಗೆ ಹೋಗಿ ಹೇಳಿದೆ. ಬರೆದುಕೊಂಡರು, ಅಷ್ಟೇ.

ಜಲಪಾತದ ಬಗ್ಗೆ ಎರಡು ಸಾಲು ಸಾಕು. ರೇನ್‌ಬೋ ಫಾಲ್ಸ್, 27 ಮೀಟರ್. ಚೆಂದ ಇದೆ. ಉಂಚಳ್ಳಿ, ಜೋಗ ನೋಡಿಕೊಂಡು ಬೆಳೆದವರು ಬಸ್ಸಿನಲ್ಲೇ ಕೂತು ಕಾಲು ಚಾಚಬಹುದು.

ಕೆರಿಕೆರಿಯಲ್ಲಿ ನದಿ ಪಕ್ಕ ಹಳೇ ಕಲ್ಲಿನ ಉಗ್ರಾಣ, ಅದರ ಪಕ್ಕ 1822ರ ಕೆಂಪ್ ಹೌಸ್. ಯುರೋಪಿಯನ್ನರು ಆ ದೇಶದಲ್ಲಿ ಕಟ್ಟಿದ್ದರಲ್ಲಿ ಉಳಿದಿರುವ ಅತಿ ಹಳೇ ಮನೆ ಇದು. ಇಲ್ಲಿ ಕಾಡಿಗಿಂತ ಜಾಸ್ತಿ ಹೊತ್ತು ಬಿಟ್ಟರು, ಯಾಕೆಂದರೆ ಅಂಗಡಿ ಇದೆ. ಒಂದು ಕಡೆ ಕೌರಿ ಅಂಟಿನ ತುಂಡುಗಳನ್ನು ಪಾಲಿಶ್ ಮಾಡಿ ಇಟ್ಟಿದ್ದರು. ಜೇನಿನ ಬಣ್ಣ. ಒಂದು ಕಾಲಕ್ಕೆ ಇದನ್ನು ನೆಲದಿಂದ ಅಗೆದು ತೆಗೆಯಲು ಕ್ರೊಯೇಷಿಯಾದ ದಲ್ಮೇಷಿಯಾದಿಂದೆಲ್ಲ ಜನ ಬಂದಿದ್ದರಂತೆ. ವಾರ್ನಿಶ್‌ಗೆ, ನೆಲಕ್ಕೆ ಹಾಸುವ ಲಿನೋಲಿಯಂಗೆ ಹೋಗುತ್ತಿತ್ತು. ಅಪ್ಪಯ್ಯ ಮೂಸಿ ನೋಡಿದರು. ಧೂಪದ ಮರದ ರಾಳ ಅಂದರು. ಮರ ಬೇರೆ, ಬಳಗ ಬೇರೆ. ಮೂಗಿಗೆ ಅದು ಬೇಕಿಲ್ಲ. ಕೌರಿ ಕಟ್ಟಿಗೆಯ ಸೌಟು ಕೊಳ್ಳುವುದಾದರೆ ಸಿಡ್ನಿಯಲ್ಲಿ ಇಳಿಯುವಾಗ ಫಾರಂನಲ್ಲಿ ಹೌದು ಅಂತ ಹಾಕಿ ತೋರಿಸಿ, ಆಯಿಯ ಸೌಟನ್ನು ನೋಡಿ ಬಿಟ್ಟುಕೊಟ್ಟರು.

ಊಟ ಟೂರಿನಲ್ಲಿ ಸೇರಿಲ್ಲ. ಒಂದು ಬಾಟಲಿ ನೀರು ಕೊಡುತ್ತಾರೆ. ಕೆಫೆಯಲ್ಲಿ ಚೀಸ್ ಸ್ಕೋನ್ ಮತ್ತು ಚಹಾ ಸಿಕ್ಕಿತು, ಮೊಟ್ಟೆ ತಿನ್ನದವರು ಕೇಳಿಯೇ ತೆಗೆದುಕೊಳ್ಳಿ. ಶೌಚಾಲಯಕ್ಕೆ ಕಾಡಿಗೆ ಹೊರಡುವ ಮೊದಲು ಜೆಟ್ಟಿಯಲ್ಲೇ ಹೋಗಿಬನ್ನಿ, ನಡಿಗೆಯ ಜಾಗದಲ್ಲಿ ನಮ್ಮನ್ನು ಅದಕ್ಕೆ ನಿಲ್ಲಿಸಲಿಲ್ಲ. ಶೂ ಹಾಕಿಕೊಂಡೇ ಹೋಗಿ, ಚಪ್ಪಲಿಯಲ್ಲಿ ಬಂದವರಿಗೆ ಬ್ರಷ್ ಹತ್ತಿರ ಕಷ್ಟವಾಯಿತು. ಗೀರು ಜಾಸ್ತಿ ಇಲ್ಲದ ಅಡಿಯ ಶೂ ಆದರೆ ತೊಳೆಯುವುದು ಸುಲಭ.

ವಾಪಸ್ ವೈಟಾಂಗಿಗೆ ಬಂದಾಗ ಟೆಂಡರ್‌ಗೆ ಇನ್ನೂ ಹೊತ್ತಿತ್ತು. 1840ರಲ್ಲಿ ಬ್ರಿಟಿಷರೂ ಮಾವೋರಿ ಮುಖ್ಯಸ್ಥರೂ ಒಪ್ಪಂದಕ್ಕೆ ಸಹಿ ಹಾಕಿದ ಜಾಗ ಜೆಟ್ಟಿಯಿಂದ ನಡೆದೇ ಹೋಗುವಷ್ಟು ಹತ್ತಿರ. ಟಿಕೆಟ್ ಬೇರೆ. ಅಲ್ಲಿ 35 ಮೀಟರಿಗಿಂತ ಉದ್ದದ ಒಂದು ವಿಧ್ಯುಕ್ತ ದೋಣಿ ಇದೆ, ಒಪ್ಪಂದಕ್ಕೆ ನೂರು ವರ್ಷ ತುಂಬಿದ 1940ಕ್ಕೆ ಕಟ್ಟಿದ್ದು. ಅದಕ್ಕೆ ಮರ ಬಂದದ್ದು ಇದೇ ಪುಕೇಟಿ ಕಾಡಿನಿಂದ, ಮೂರು ಕೌರಿ. ಟೂರಿನವರು ಜಲಪಾತ ಬಿಟ್ಟು ಇದನ್ನು ಸೇರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕಾಡಿನಲ್ಲಿ ನಿಂತ ಮರ ನೋಡಿದ ಮೇಲೆ ದೋಣಿಯಾದ ಮರ ನೋಡುವುದು.

ಐದಕ್ಕೆ ಎಷ್ಟು ಅಂತ ಕೇಳಿದರೆ ಗೈಡ್‌ಗೆ ಐದು, ಕಾಡಿಗೆ ಐದು, ವೇಳಾಪಟ್ಟಿಗೆ ಎರಡು. ಗಟ್ಟಿ ಕಾಲಿನ ನಾಲ್ಕು ಜನ ಇದ್ದರೆ ಜೆಟ್ಟಿಗೆ ಹತ್ತಿರದ ಪೈಹಿಯಾ ಊರಿನಲ್ಲಿ ಸ್ಥಳೀಯರ ಸಣ್ಣ ವ್ಯಾನ್ ಗೊತ್ತು ಮಾಡಿ ಪುಕೇಟಿಗೆ ಮಾತ್ರ ಹೋಗಿ ಬನ್ನಿ, ಕಾಡಿನಲ್ಲಿ ಎರಡು ಗಂಟೆ ಸಿಗುತ್ತದೆ. ಅಲ್ಲಿಗೆ ಸಾರ್ವಜನಿಕ ಬಸ್ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ಹಡಗಿನವರದೇ ವಾಸಿ. ತಡವಾದರೂ ಹಡಗು ತನ್ನ ಟೂರಿನ ಬಸ್ಸಿಗೆ ಕಾಯುತ್ತದೆ, ಹೊರಗಿನ ವ್ಯಾನಿಗೆ ಕಾಯಲ್ಲ. ಗಾಳಿ ಜೋರಿದ್ದ ದಿನ ಈ ಕೊಲ್ಲಿಯಲ್ಲಿ ಟೆಂಡರ್ ಬಿಡುವುದೇ ಇಲ್ಲ, ಹಡಗು ನಿಲ್ಲದೆ ಮುಂದೆ ಹೋಗಿಬಿಡುತ್ತದೆ. ಆಗ ಹಡಗಿನಲ್ಲಿ ಬುಕ್ ಮಾಡಿದ್ದರೆ ದುಡ್ಡು ವಾಪಸ್ ಬರುತ್ತದೆ. ವ್ಯಾನಿನವರಿಗೆ ಮುಂಗಡ ಕೊಡುವ ಮೊದಲು ಹಡಗು ಬರದಿದ್ದರೆ ಏನು ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ.